ಮೂವತ್ತೊಂಬತ್ತನೆಯ ಹೆಸರು

ಬ್ಯಾರೇಜಿನ ಕಚೇರಿಯ ಮುಂದೆ ಒಂದು ಬೇವಿನ ಮರವಿತ್ತು, ಆ ಮರಕ್ಕೆ ಒಂದು ಸೈಕಲ್ಲು ಸದಾ ಒರಗಿರುತ್ತಿತ್ತು. ಹಿಂದಿನ ಕ್ಯಾರಿಯರ್‌ಗೆ ಎಣ್ಣೆಯ ಖಾಲಿ ಡಬ್ಬಿಯೊಂದನ್ನು ಹಳೆಯ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಿದ್ದರು. ಡಬ್ಬಿಯ ಒಂದು ಮಗ್ಗುಲು ಪೆಟ್ಟು ತಿಂದು ತಿಂದು ಒಳಗೆ ಕುಸಿದಿತ್ತು. ಆ ಊರು ನೆನಪಾದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಹೊಳೆಯಲ್ಲ, ಗೇಟುಗಳೂ ಅಲ್ಲ, ಈ ಸೈಕಲ್ಲು.

ಅದು ಗೇಟು ಕಾಯುವ ಭರಮಪ್ಪನದು. ಬೇಸಿಗೆಯಲ್ಲಿ ನಮ್ಮ ಹೊಳೆ ಒಣಗಿ, ಕಣ್ಣು ಹಾಯುವವರೆಗೂ ಉಸುಕೇ ಉಸುಕಾಗುತ್ತಿತ್ತು. ಆ ಉಸುಕಿನಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ, ಕಲ್ಲಂಗಡಿ ಮತ್ತು ಸೌತೆ ಬೆಳೆಯುವ ಮನೆತನಗಳಿದ್ದವು. ಚಳಿ ಕಳೆದೊಡನೆ ಅವರು ಹೊಳೆಯೊಳಗೇ ಗುಡಿಸಲು ಹಾಕಿಕೊಂಡು ಇಳಿಯುವರು, ಮುಂಗಾರಿಗೆ ಮೊದಲು ಹತ್ತಿ ಬರುವರು. ಈ ನಡುವೆ ಕೆಳಗಿನ ಊರುಗಳಿಗೆ ಕುಡಿಯುವ ನೀರು ಬೇಕಾದರೆ ಬ್ಯಾರೇಜಿನ ಗೇಟು ಎತ್ತುತ್ತಿದ್ದರು. ಒಣ ಹೊಳೆಯಲ್ಲಿ ಬರುವ ನೀರಿಗೆ ಸದ್ದಿರುವುದಿಲ್ಲ. ಮೊದಲು ಕಾಲಡಿಯ ಉಸುಕು ತಣ್ಣಗಾಗುತ್ತದೆ, ಏನೆಂದು ತಿಳಿಯುವಷ್ಟರಲ್ಲಿ ಸೊಂಟದವರೆಗೆ ಬಂದಿರುತ್ತದೆ. ಅದಕ್ಕೇ ಗೇಟು ಎತ್ತುವ ಮುಂಚೆ ಭರಮಪ್ಪ ದಂಡೆಯುದ್ದಕ್ಕೂ ಸೈಕಲ್ಲು ತುಳಿದು, ಡಬ್ಬಿ ಬಾರಿಸಿ, ಎಲ್ಲರನ್ನೂ ಮೇಲೆ ಹತ್ತಿಸಿ ಬರುತ್ತಿದ್ದ. ಇಪ್ಪತ್ತು ವರ್ಷ ಅವನು ಹೀಗೆ ತುಳಿದಿದ್ದ. ಆ ಇಪ್ಪತ್ತು ವರ್ಷದಲ್ಲಿ ಹೊಳೆಯಲ್ಲಿ ಒಂದು ಕುರಿಮರಿಯೂ ಹೋಗಿರಲಿಲ್ಲ.

ನಾನು ಆಗ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಊರಿನಲ್ಲಿ ಯಾರೂ ಇಲ್ಲವೆಂಬ ಜಂಬ ನನಗೆ ಮೈತುಂಬ ಇತ್ತು. ಮಾತು ಸುಳ್ಳೇನಲ್ಲ, ಊರಿನಲ್ಲಿ ಆ ವಿದ್ಯೆ ಇದ್ದವನು ನಾನೊಬ್ಬನೇ.

ಹಿಂದಿನ ಬೇಸಿಗೆಯಲ್ಲಿ ಯಾರೋ ಒಬ್ಬ ಜಾಣ ಬ್ಯಾರೇಜಿನ ಕಚೇರಿಗೆ ಒಂದು ಪ್ರೋಗ್ರಾಮು ಬರೆದುಕೊಟ್ಟು ಊರು ಬಿಟ್ಟು ಹೋಗಿದ್ದ. ಗುಂಡಿ ಒತ್ತಿದರೆ ಹೊಳೆಯಲ್ಲಿ ಇಳಿದಿದ್ದ ಮೂವತ್ತೆಂಟು ಮನೆಗಳಿಗೂ ಫೋನು ಹೋಗಿ, ಭರಮಪ್ಪನ ದನಿಯಲ್ಲಿ ನೀರಿನ ಸುದ್ದಿ ಹೇಳುತ್ತಿತ್ತು. ಅದು ಒಳ್ಳೆಯ ಕೆಲಸವೇ. ಆದರೆ ಆ ಪುಣ್ಯಾತ್ಮ ಹೆಸರುಗಳ ಪಟ್ಟಿಯನ್ನು ಪ್ರೋಗ್ರಾಮಿನ ಹೊಟ್ಟೆಯೊಳಗೇ ಇಟ್ಟುಬಿಟ್ಟಿದ್ದ. ಒಂದು ಹೆಸರು ಸೇರಿಸಬೇಕಾದರೂ ಇಡೀ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಬೇಕು. ಹಾಗೆ ಕಟ್ಟುವುದಕ್ಕೆ ಬೇರೆಯೇ ಒಂದು ಸಾಧನವಿದೆ, ಅದನ್ನು ಬಿಲ್ಡ್ ಟೂಲ್ ಅನ್ನುತ್ತಾರೆ. ಕಪ್ಪು ಪರದೆಯಲ್ಲಿ ಅದರ ಹೆಸರು ಬರೆದು ಆಜ್ಞೆ ಕೊಟ್ಟರೆ, ಬರೆದಿಟ್ಟ ಕಡತಗಳನ್ನೆಲ್ಲ ಜೋಡಿಸಿ ಓಡುವ ಪ್ರೋಗ್ರಾಮು ಮಾಡಿಕೊಡುತ್ತದೆ. ಚಳಿಗಾಲದಲ್ಲಿ ಕಚೇರಿಯ ಕಂಪ್ಯೂಟರು ಕೆಟ್ಟು, ಅದನ್ನು ಪೂರ್ತಿ ಅಳಿಸಿ ಸರಿಮಾಡಿದಾಗ ಪ್ರೋಗ್ರಾಮಿನ ನಕಲು ಮರಳಿ ಬಂತು, ಕಟ್ಟುವ ಸಾಧನ ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ಭರಮಪ್ಪ ನನ್ನ ಅಂಗಡಿಗೆ ಬಂದು ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದ. ಅದರಲ್ಲಿ ದುರಗವ್ವ ಎಂಬ ಹೆಸರು, ಕೆಳಗೆ ಒಂದು ಫೋನ್ ನಂಬರು.

"ತಮ್ಮಾ, ಈ ಒಂದು ಹೆಸರು ಸೇರಸಬೇಕಲ್ಲ."

"ಯಾರ್ರೀ ಕಾಕಾ ಇವರು?"

"ಯಮನಪ್ಪನ ಹೇಂತಿ. ಈ ವರ್ಸ ಹೊಸದಾಗಿ ಇಳದಾರ. ಚೊಲೋ ಜಾಗಾ ಎಲ್ಲಾ ಮಂದಿ ಹಿಡದಿದ್ರು, ಇವರಿಗೆ ತಿರುವಿನ ಆಚಿ ಉಸುಕ ಸಿಕ್ಕೈತಿ. ಅಲ್ಲಿಂದ ಯಾರ ಗುಡಸಲಾನೂ ಕಾಣಂಗಿಲ್ಲ, ಕೂಗಿದ್ರ ಕೇಳಂಗಿಲ್ಲ. ಗಂಡ ಮಂಗಳವಾರಕ್ಕೊಮ್ಮೆ ಗಾಡಿ ಹೊಡಕೊಂಡು ಸಂತಿಗೆ ಹೋಗತಾನ. ಆಕಿ ಒಬ್ಬಾಕಿನ ಇರತಾಳ."

"ಈಗ ಆಕೀಗೆ ಹೆಂಗ ತಿಳಸ್ತೀರಿ?"

"ಮೂವತ್ತೆಂಟು ಮನಿಗೆ ಫೋನು, ಆಕೀ ಒಂದು ಮನಿಗೆ ನನ್ನ ಸೈಕಲ್ಲು," ಎಂದು ಭರಮಪ್ಪ ತನ್ನ ಬಲ ಮೊಣಕಾಲನ್ನು ಒತ್ತಿಕೊಂಡ. "ಇದು ಇನ್ನೆಷ್ಟು ದಿನ ಮಾತು ಕೇಳತೈತೋ ಗೊತ್ತಿಲ್ಲ. ಮುಂದಿನ ಸಲ ನೀರು ಬಿಡೂದ್ರಾಗ ಮಾಡಿಕೊಡು. ನಡುವ ದಾರ್‍ಯಾಗ ನಾ ಬಿದ್ರ ಆಕಿ ಹೋಗಿಬಿಡತಾಳ."

ಮರುದಿನವೇ ನಾನು ಕಚೇರಿಗೆ ಹೋದೆ. ಆ ಕಂಪ್ಯೂಟರಿನ ಮೇಲೆ ಗುಮಾಸ್ತ ಶ್ರೀಪಾದರಾಯರ ಒಡೆತನ ನಡೆಯುತ್ತಿತ್ತು. ಅದರ ನೆತ್ತಿಗೆ ಕುಂಕುಮ, ಪಕ್ಕದಲ್ಲಿ ಊದಿನಕಡ್ಡಿಯ ಬೂದಿ. ರಾಯರು ಬೆಳಿಗ್ಗೆ ಬಂದೊಡನೆ ಅದಕ್ಕೆ ಕೈಮುಗಿದು, ಅದರ ಮುಂದೆ ಎರಡು ನಿಮಿಷ ಏನೋ ಮಾಡಿ, ಆಮೇಲೆ ಪತ್ರ ಬೆರಳಚ್ಚು ಮಾಡಲು ಕೂಡುವರು. ಆ ಎರಡು ನಿಮಿಷವನ್ನು ನಾನು ಪೂಜೆಯ ಲೆಕ್ಕಕ್ಕೇ ಹಾಕಿಕೊಂಡಿದ್ದೆ.

"ಏನ್ ಮಾಡ್ತೀಯೋ ಮಾಡಪಾ," ಎಂದರು ಕುರ್ಚಿ ಬಿಟ್ಟುಕೊಡುತ್ತ. "ನನ್ನ ಪತ್ರದ ಪ್ರೋಗ್ರಾಮಿಗೆ ಮಾತ್ರ ಕೈ ಹಚ್ಚಬ್ಯಾಡ."

ಒಂದು ತಾಸಿನ ಕೆಲಸವೆಂದುಕೊಂಡಿದ್ದೆ. ಬೆಳಿಗ್ಗೆ ಕೂತವನಿಗೆ ಮಧ್ಯಾಹ್ನದ ಊಟ ತಪ್ಪಿತು. ಸಾಧನವನ್ನು ತಂದಿಟ್ಟು ಅದರ ಹೆಸರು ಬರೆದರೆ, ಇಂಥ ಆಜ್ಞೆಯೇ ನನಗೆ ಗೊತ್ತಿಲ್ಲ ಎಂದಿತು ಯಂತ್ರ. ಅಲ್ಲೇ ಕಣ್ಣೆದುರಿಗೆ ಇತ್ತು, ಆದರೆ ಎಲ್ಲಿ ಹುಡುಕಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ದಾರಿ ಬರೆದುಕೊಟ್ಟೆ. ಆಗ ಅದಕ್ಕೆ ಜೊತೆಗಾರನಾಗಿ ಇನ್ನೊಂದು ಪ್ರೋಗ್ರಾಮು ಬೇಕಾಯಿತು, ಯಂತ್ರದಲ್ಲಿದ್ದ ಜೊತೆಗಾರ ತೀರ ಹಳಬನಂತೆ. ಹಳೆಯದನ್ನು ಕಿತ್ತೆ. ಹೊಸದನ್ನು ದೂರದ ಸರ್ವರಿನಿಂದ ತರಿಸಲು ಹೋದರೆ ಅದೂ ಬರಲೊಲ್ಲದು. ಸರ್ವರು ತೋರಿಸುವ ಗುರುತಿನ ಪತ್ರ ಇನ್ನೂ ಜಾರಿಗೆ ಬಂದಿಲ್ಲ, ಅದರ ದಿನ ಇನ್ನೂ ಹುಟ್ಟಿಲ್ಲ ಎಂದು ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ಬಂತು.

ಅದನ್ನು ಓದಿ ನಾನು ನಕ್ಕೆ. ನಿನ್ನೆ ಮೊನ್ನೆ ಸಾವಿರಾರು ಮಂದಿ ಬಳಸಿದ ಸರ್ವರು, ಅದರ ಪತ್ರ ಇನ್ನೂ ಹುಟ್ಟಿಲ್ಲವಂತೆ. ಫೋನಿನಲ್ಲಿ ಹುಡುಕಿದೆ. ಆಜ್ಞೆಯ ಕೊನೆಗೆ ಇಂಥದೊಂದು ಪದ ಸೇರಿಸಿದರೆ ಪತ್ರವನ್ನು ಪರೀಕ್ಷಿಸದೆ ಬಿಟ್ಟುಬಿಡುತ್ತದೆ ಎಂದು ಯಾರೋ ಬರೆದಿದ್ದರು. ಸೇರಿಸಿದೆ. ಎಲ್ಲ ಸರಸರನೆ ಇಳಿದು ಬಂತು. ಯಂತ್ರ ಯಾಕೆ ಹಾಗೆ ಹೇಳಿತು ಎಂದು ಒಂದು ಕ್ಷಣ ನಿಂತು ಕೇಳುವ ತಾಳ್ಮೆ ನನಗೆ ಇರಲಿಲ್ಲ. ಹೊಟ್ಟೆ ಹಸಿದಿತ್ತು, ಗೆಲ್ಲಬೇಕಾಗಿತ್ತು.

ಪಟ್ಟಿಯ ಕೊನೆಗೆ ದುರಗವ್ವನ ಹೆಸರು, ನಂಬರು ಬರೆದೆ. ಆಜ್ಞೆ ಕೊಟ್ಟೆ. ಸಾಲುಗಳು ಓಡಿ ನಡುವೆ ನಿಂತವು. ಏನೋ ತಿದ್ದಿದೆ, ಮತ್ತೆ ಓಡಿ ಮತ್ತೆ ನಿಂತವು. ನಾಲ್ಕನೆಯದೋ ಐದನೆಯದೋ ಸಲಕ್ಕೆ ಕೆಂಪು ಅಕ್ಷರ ಬರಲಿಲ್ಲ. ಒಂದೇ ಒಂದು ಸಾಲು ಬಂತು: ಎಲ್ಲವೂ ಹೊಸದಾಗಿಯೇ ಇದೆ, ಮಾಡಲು ಏನೂ ಉಳಿದಿಲ್ಲ.

ಹಿಂದಿನ ಸಲ ನಿಲ್ಲುವ ಮೊದಲೇ ಕಟ್ಟಿ ಮುಗಿಸಿರಬೇಕು ಎಂದುಕೊಂಡೆ. ಬೆಳಗಿನಿಂದ ಬೈಸಿಕೊಂಡವನಿಗೆ ಆ ಒಂದು ಸಾಲು ಎಷ್ಟು ಇಷ್ಟವಾಯಿತೆಂದರೆ, ಅದನ್ನು ಅನುಮಾನಿಸುವ ಮನಸ್ಸೇ ಆಗಲಿಲ್ಲ.

ಭರಮಪ್ಪನನ್ನು ಕರೆದು, ಪಟ್ಟಿಯ ಹೊರಗೆ ಪರೀಕ್ಷೆಗೆಂದು ಇಟ್ಟಿದ್ದ ಅವನದೇ ನಂಬರಿಗೆ ಒಂದು ಕರೆ ಕಳಿಸಿದೆ. ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತನ್ನ ದನಿಯನ್ನು ತಾನೇ ಕೇಳಿ ಮುಗುಳ್ನಕ್ಕ.

"ಆಕೀಗೂ ಒಂದು ಹಚ್ಚಿ ನೋಡೂಣೇನು?"

"ಬ್ಯಾಡ ಕಾಕಾ. ನೀರು ಬಂತಂತ ಗಂಟುಮೂಟಿ ಹೊತ್ತುಕೊಂಡು ಓಡತಾಳ ಪಾಪ. ಒಮ್ಮೆ ಸುಳ್ಳಾದ್ರ ಮುಂದ ಯಾರೂ ನಂಬಂಗಿಲ್ಲ."

ಆ ಮಾತು ಅವನಿಗೆ ಸರಿಯೆನಿಸಿತು. ಫೋನನ್ನು ಜೇಬಿಗಿಟ್ಟುಕೊಳ್ಳುತ್ತ ಹೇಳಿದ, "ಮೊದಲನೇ ಸಲ ನಾನೂ ಸೈಕಲ್ ಮ್ಯಾಲ ಹೋಗಿಬರತೀನಿ ಬಿಡು."

ನನಗೆ ರೇಗಿತು. ಇಡೀ ದಿನದ ನನ್ನ ದುಡಿತವನ್ನು ಈ ಮುದುಕ ಡಬ್ಬಿಯೊಂದರ ಪಕ್ಕಕ್ಕಿಟ್ಟು ತೂಗುತ್ತಿದ್ದಾನೆ ಅನ್ನಿಸಿತು.

"ಹಂಗಾದ್ರ ಇದನ್ನ ಯಾಕ ಮಾಡಿಸಿದ್ರಿ? ಮಿಷನ್ ಎಲ್ಲಾ ಮುಗದೈತಿ ಅಂತ ಹೇಳೈತಿ. ನೀವು ಇನ್ಮ್ಯಾಲೆ ಹೋಗೂದು ಬ್ಯಾಡ."

"ನೀ ಹೇಳತಿ ಅಂದ್ರ ಆತು," ಎಂದ ಭರಮಪ್ಪ. ಹೊರಗೆ ಹೋಗಿ ರಬ್ಬರು ಬಿಚ್ಚಿ ಡಬ್ಬಿಯನ್ನು ಸೈಕಲ್ಲಿನಿಂದ ಇಳಿಸಿದ. ಮರಕ್ಕೆ ಒರಗಿದ್ದ ಆ ಸೈಕಲ್ಲು ಅಂದು ಯಾರದೋ ಬೇರೆಯವರದೆಂಬಂತೆ ಕಂಡಿತು.

ಹನ್ನೆರಡು ದಿನಗಳ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಗೇಟು ಎತ್ತಿದರು. ಭರಮಪ್ಪ ಗುಂಡಿ ಒತ್ತಿ, ಒಂದು ತಾಸು ಕಾದು, ಆಮೇಲೆ ಗೇಟಿನ ಚಕ್ರಕ್ಕೆ ಕೈ ಹಾಕಿದ. ಮೂವತ್ತೆಂಟು ಮನೆಯವರೂ ಪಾತ್ರೆ ಪರಡಿ ಹೊತ್ತುಕೊಂಡು ದಂಡೆ ಹತ್ತಿ ಕುಳಿತಿದ್ದರು. ತಿರುವಿನ ಆಚೆ ದುರಗವ್ವ ಬಳ್ಳಿಗಳಿಗೆ ನೀರುಣಿಸಲು ಒರತೆಯ ಗುಂಡಿಯೊಳಗೆ ಇಳಿದು ಕೊಡ ತುಂಬುತ್ತಿದ್ದಳಂತೆ. ಸಂಜೆ ಎರಡು ಮೈಲಿ ಕೆಳಗೆ ಜಾಲಿಯ ಮುಳ್ಳಿಗೆ ಸೀರೆ ಸಿಕ್ಕಿಕೊಂಡಿದ್ದ ಅವಳ ಹೆಣ ಸಿಕ್ಕಿತು.

ಅಂದೇ, ದಂಡೆಯ ಮೇಲೇ ಅವಳನ್ನು ಮಣ್ಣು ಮಾಡಿದರು. ನಾನೂ ಹೋಗಿದ್ದೆ. ಜನ ಗುಸುಗುಸು ಮಾತಾಡುತ್ತಿದ್ದರು. ಎಲ್ಲರಿಗೂ ಫೋನು ಬಂದಿದೆ, ಇವಳಿಗೂ ಬಂದಿರಲೇಬೇಕು. ಬಳ್ಳಿಯ ಆಸೆಗೆ ನಿಂತಳು, ಇನ್ನೆರಡು ಕೊಡ ಹಾಕಿ ಬರೋಣವೆಂದು ನಿಂತಳು. ಅವಳ ಫೋನು ನೀರಿಗೆ ಹೋಗಿತ್ತು, ಕರೆ ಬಂದಿಲ್ಲವೆಂದು ಹೇಳಲು ಯಾವ ಸಾಕ್ಷಿಯೂ ಇರಲಿಲ್ಲ. ಸಂತೆಯಿಂದ ಓಡಿಬಂದಿದ್ದ ಯಮನಪ್ಪ ಅಳಲಿಲ್ಲ, ಬೈದ. ಎಲ್ಲರೆದುರಿಗೆ, ಬಿಳಿ ಬಟ್ಟೆ ಹೊದಿಸಿದ ಹೆಂಡತಿಗೆ ಬೈದ.

"ಮೂವತ್ತೆಂಟು ಮನಿ ಮಂದಿ ಹತ್ತಿ ಬಂದ್ರಲ್ಲ, ನಿನಗೊಬ್ಬಾಕೀಗೆ ಏನಾಗಿತ್ತು? ಹೇಳಿದ ಮಾತು ಎಂದರ ಕೇಳೀದೇನು ನೀ? ಎರಡು ಕಾಯಿ ಸಲುವಾಗಿ ನನ್ನ ಹಾಳ ಮಾಡಿ ಹೋದಿ."

ಯಾರೋ ಅವನ ತೋಳು ಹಿಡಿದು ಆಚೆ ಕರೆದುಕೊಂಡು ಹೋದರು. ಭರಮಪ್ಪ ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಅವನ ನೋಟದಲ್ಲಿ ಸಂಶಯವಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

ಮರುದಿನ ಕಚೇರಿಗೆ ಹೋಗಿ, ಪ್ರೋಗ್ರಾಮು ತಾನು ಮಾಡಿದ ಕರೆಗಳನ್ನು ಬರೆದಿಡುವ ಕಡತ ತೆರೆದೆ. ಕೊನೆಯ ಸಲದ ಸಾಲುಗಳನ್ನು ಬೆರಳಿಟ್ಟು ಎಣಿಸಿದೆ. ಮೂವತ್ತೆಂಟು. ಇನ್ನೊಮ್ಮೆ ಎಣಿಸಿದೆ. ಮೂವತ್ತೆಂಟೇ. ಪಟ್ಟಿಯ ಕಡತ ತೆರೆದರೆ ಅಲ್ಲಿ ದುರಗವ್ವನ ಹೆಸರು ನಾನು ಬರೆದಂತೆಯೇ ಇತ್ತು. ಬರೆದದ್ದು ಅಲ್ಲೇ ಉಳಿದಿತ್ತು, ಪ್ರೋಗ್ರಾಮಿನ ಒಳಗೆ ಹೋಗಿರಲಿಲ್ಲ.

ಆಗ ಎರಡರ ತಾರೀಖನ್ನೂ ನೋಡಿದೆ. ಓಡುವ ಪ್ರೋಗ್ರಾಮು ಹಿಂದಿನ ಬೇಸಿಗೆಯದು, ಆ ಜಾಣ ತನ್ನ ಸ್ವಂತ ಕಂಪ್ಯೂಟರಿನಲ್ಲಿ ಕಟ್ಟಿ ತಂದದ್ದು. ಹದಿಮೂರು ದಿನದ ಹಿಂದೆ ನಾನೇ ಬರೆದ ಪಟ್ಟಿಗೆ ನಾಲ್ಕು ವರ್ಷದ ಹಿಂದಿನ ತಾರೀಖು ಬಿದ್ದಿತ್ತು. ಕಟ್ಟುವ ಸಾಧನಕ್ಕೆ ಹೆಚ್ಚು ಬುದ್ಧಿಯಿಲ್ಲ. ಬರೆದದ್ದು ಹೊಸದೋ, ಕಟ್ಟಿದ್ದು ಹೊಸದೋ ಎಂದು ಎರಡರ ತಾರೀಖು ನೋಡುತ್ತದೆ. ಕಟ್ಟಿದ್ದೇ ಹೊಸದಾಗಿದ್ದರೆ ಮಾಡಲು ಏನೂ ಉಳಿದಿಲ್ಲ ಎಂದು ಕೈಬಿಡುತ್ತದೆ. ಅದು ನನಗೂ ಗೊತ್ತಿದ್ದ ಸಂಗತಿಯೇ.

"ರಾಯರ, ಈ ಕಂಪ್ಯೂಟರಿನ ತಾರೀಖು ಯಾಕ ಹಿಂಗೈತಿ?"

"ಅದನ್ನ ನಾನ ಹಿಂದಿಡತೀನಿ," ಎಂದರು ಶ್ರೀಪಾದರಾಯರು ತಲೆಯೆತ್ತದೆ. "ನನ್ನ ಪತ್ರದ ಪ್ರೋಗ್ರಾಮು ನೋಡು, ಅದು ಮೂವತ್ತು ದಿವಸ ಬಳಸಿ ನೋಡ್ರಿ ಅಂತ ಕೊಟ್ಟದ್ದು. ದಿವಸ ಮುಗದ ಮ್ಯಾಲ ತೆರೀಲಿಲ್ಲ. ಹೊಸದು ಕೊಡಸ್ರಿ ಅಂತ ಮ್ಯಾಲಿನವರಿಗೆ ಬರದು ಬರದು ಸಾಕಾತು. ತಾರೀಖು ಹಿಂದಿಟ್ರ ತೆರೀತದ. ದಿನಾ ಮುಂಜಾನೆ ಊದಿನಕಡ್ಡಿ ಹಚ್ಚೋದು, ಅದ ಮೊದಲನೇ ದಿವಸದ ತಾರೀಖು ಇಡೋದು, ಕೆಲಸಕ್ಕ ಕೂಡೋದು. ಬಂದವರು ನೋಡಿ ಕೇಳತಾರಂತ ಪರದೆ ಮೂಲ್ಯಾಗಿನ ಗಡಿಯಾರನೂ ತಗದೀನಿ. ನಾಲ್ಕು ವರ್ಷಾತು, ಯಾರಿಗೆ ಏನು ತ್ರಾಸಾಗೇದ?"

ನಾನು ಹೇಳಿದೆ. ಅವರ ಕೈ ಕೀಲಿಮಣೆಯ ಮೇಲೆ ಹಾಗೆಯೇ ನಿಂತಿತು. "ನನಗ ಯಾರೂ ಹೇಳಲಿಲ್ಲಪಾ," ಎಂದರು.

ಅವರ ಮೇಲೆ ಕೂಗಾಡಬೇಕೆಂದು ಎದ್ದವನು ಮತ್ತೆ ಕೂತೆ. ಯಾಕೆಂದರೆ ನನಗೆ ಹೇಳಿದ್ದರು. ಯಂತ್ರವೇ ಹೇಳಿತ್ತು. ಪತ್ರದ ದಿನ ಇನ್ನೂ ಹುಟ್ಟಿಲ್ಲ ಎಂದು ಕೆಂಪು ಅಕ್ಷರದಲ್ಲಿ, ತನಗೆ ತಿಳಿದಷ್ಟು ಪ್ರಾಮಾಣಿಕವಾಗಿ ಹೇಳಿತ್ತು. ನಾಲ್ಕು ವರ್ಷದಿಂದ ಒಂದೇ ದಿನಕ್ಕೆ ಎಚ್ಚರವಾಗುತ್ತಿದ್ದ ಆ ಬಡ ಯಂತ್ರ ಇನ್ನು ಹೇಗೆ ಹೇಳಬೇಕಿತ್ತು? ನೋಡಬೇಡ, ಸುಮ್ಮನೆ ನಡೆ ಎಂದವನು ನಾನು.

ತಾರೀಖನ್ನು ಸರಿ ಮಾಡಿದೆ. ಪಟ್ಟಿಯನ್ನು ಇನ್ನೊಮ್ಮೆ ಉಳಿಸಿ ಆಜ್ಞೆ ಕೊಟ್ಟೆ. ಸಾಲುಗಳು ಓಡಿದವು, ಮೂವತ್ತೊಂಬತ್ತು ಹೆಸರುಗಳೂ ಒಳಗೆ ಹೋದವು. ಒಂದು ನಿಮಿಷವೂ ಹಿಡಿಯಲಿಲ್ಲ. ನಾನು ಅಲ್ಲೇ ಕೂತು ಅತ್ತೆ. ರಾಯರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು.

ಅಷ್ಟರಲ್ಲಿ ಕಚೇರಿಯಿಂದ ಮೇಲಿನವರಿಗೆ ವರದಿ ಹೋಗಿಯಾಗಿತ್ತು. ಮೂವತ್ತೊಂಬತ್ತು ಮನೆಗೂ ಮುಂಚಿತವಾಗಿ ಸುದ್ದಿ ಮುಟ್ಟಿಸಲಾಗಿತ್ತು, ಮೃತಳು ನಿರ್ಲಕ್ಷಿಸಿದಳು ಎಂದು ಅದರಲ್ಲಿತ್ತು. ಅದನ್ನು ಬೆರಳಚ್ಚು ಮಾಡಿದವರು ರಾಯರೇ. ನಾನು ನಾಲ್ಕು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸತ್ತವಳೇನೂ ತಿರುಗಿ ಬರುವುದಿಲ್ಲ ಎಂದೂ ಮನಸ್ಸಿಗೆ ಹೇಳಿಕೊಂಡೆ. ಈ ನಾಲ್ಕು ದಿನಗಳ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ. ತಪ್ಪಿಗಿಂತ ಹೆಚ್ಚು ನಾಚಿಕೆ ಈ ನಾಲ್ಕು ದಿನಗಳದು.

ಐದನೆಯ ದಿನ ಭರಮಪ್ಪನನ್ನು ಹುಡುಕಿಕೊಂಡು ಹೋದೆ. ಅವನು ಬೇವಿನ ಮರದ ಕೆಳಗೆ ಕೂತು ಡಬ್ಬಿಯನ್ನು ಮತ್ತೆ ಸೈಕಲ್ಲಿಗೆ ಬಿಗಿಯುತ್ತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನು ರಬ್ಬರಿನ ಗಂಟನ್ನು ಬಿಡಲಿಲ್ಲ.

"ನನ್ನ ಕಿಸೆದಾಗ ಫೋನ್ ಇತ್ತು," ಎಂದ ಕೊನೆಗೆ. "ನಂಬರ್ ಬರದ ಚೀಟೀನೂ ಇತ್ತು. ಒಂದು ಫೋನ್ ಹಚ್ಚಿ, ತಂಗೀ ಹತ್ತೀದೇನು ಅಂತ ಕೇಳಿದ್ರ ಆಗತಿತ್ತು. ಕೇಳಲಿಲ್ಲ ನಾನು."

"ತಪ್ಪು ನಂದು ಕಾಕಾ."

"ನನಗ ಯಾಕ ಹೇಳತಿ? ನನಗ ಹೇಳಿದ್ರ ನಿನ್ನ ಎದಿ ಹಗುರ ಆಗತೈತಿ, ಅಷ್ಟ. ಆಕೀ ಮಾನ ಹಾದಿಮ್ಯಾಗ ಬಿದ್ದೈತಿ. ನಡಿ."

ಸೈಕಲ್ಲನ್ನು ಅಲ್ಲಿಯೇ ಬಿಟ್ಟು ಇಬ್ಬರೂ ದಂಡೆಗುಂಟ ನಡೆದುಕೊಂಡು ಹೋದೆವು. ಹೆದರಿದ ಜನ ಹೊಳೆಯೊಳಗಿನ ಗುಡಿಸಲುಗಳನ್ನು ಕಿತ್ತು ದಂಡೆಯ ಮೇಲೆ ಸಾಲಾಗಿ ಹಾಕಿಕೊಂಡಿದ್ದರು. ಯಮನಪ್ಪ ಸಾಲಿನ ಕೊನೆಯಲ್ಲಿ, ಎರಡು ಗಳದ ಮೇಲೆ ತಾಡಪಾಲು ಎಳೆದು, ಅದರ ಕೆಳಗೆ ಕೂತಿದ್ದ. ನಾನು ಹೇಳಿದೆ. ತಾರೀಖಿನ ಮಾತು, ಕಟ್ಟುವ ಸಾಧನದ ಮಾತು ಅವನಿಗೆ ಅರ್ಥವಾಗುವ ಹಾಗೆ ಹೇಳಲು ತಡಕಾಡಿದೆ. ಅವನು ಕೈಯೆತ್ತಿ ತಡೆದ.

"ಅದೆಲ್ಲಾ ಇರಲಿ. ಆಕೀಗೆ ಫೋನ್ ಹೋಗಿತ್ತೋ ಇಲ್ಲೋ?"

"ಹೋಗಿರಲಿಲ್ಲ."

"ಒಮ್ಮೆನೂ?"

"ಒಮ್ಮೆನೂ ಹೋಗಿರಲಿಲ್ಲ."

ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು, ದನಿ ಹೊರಡಲಿಲ್ಲ. ಭರಮಪ್ಪ ಅವನ ಪಕ್ಕದಲ್ಲಿ ನೆಲಕ್ಕೆ ಕೂತ. ಎಷ್ಟೋ ಹೊತ್ತಿನ ಮೇಲೆ ಯಮನಪ್ಪ ಎದ್ದು ನನ್ನ ಮುಂಗೈ ಹಿಡಿದ.

"ಬರ್ರಿ," ಎಂದ. "ಇವರೆಲ್ಲಾರಿಗೂ ಹೇಳ್ರಿ."

ಪಕ್ಕದ ಗುಡಿಸಲಿನ ಮುಂದೆ ನಿಲ್ಲಿಸಿದ. ನಾನು ಹೇಳಿದೆ, ದುರಗವ್ವಗ ಫೋನ್ ಹೋಗಿರಲಿಲ್ಲ, ತಪ್ಪು ನಂದು. ಅದರ ಮುಂದಿನದಕ್ಕೆ ಕರೆದುಕೊಂಡು ಹೋದ. ಅಲ್ಲಿಯೂ ಹೇಳಿದೆ. ಅವನು ಮುಂಗೈಯನ್ನು ಬಿಗಿಯಾಗಿ ಹಿಡಿದಿರಲಿಲ್ಲ, ಬಿಡಲೂ ಇಲ್ಲ. ಒಬ್ಬ ಹೆಂಗಸು ನನ್ನ ಮುಖ ನೋಡಿ ನೆಲಕ್ಕೆ ಉಗುಳಿದಳು. ಬಳ್ಳಿಯ ಆಸೆಗೆ ನಿಂತಳು ಎಂದು ಅಂದು ಆಡಿದವರಲ್ಲಿ ಅವಳೂ ಒಬ್ಬಳು. ಒಬ್ಬ ಮುದುಕ ಕಿವಿ ಕೇಳದೆ ಮೂರು ಸಲ ಹೇಳಿಸಿದ, ಆಮೇಲೆ ಒಳಗಿನಿಂದ ಒಂದು ತಂಬಿಗೆ ನೀರು ತಂದು ಕುಡಿಯಿರಿ ಎಂದ. ಕುಡಿಯಲು ನನಗಾಗಲಿಲ್ಲ. ಮೂವತ್ತೆಂಟು ಗುಡಿಸಲು ಮುಗಿಯುವ ಹೊತ್ತಿಗೆ ಬಿಸಿಲು ಬಾಗಿತ್ತು, ನನ್ನ ಗಂಟಲು ಕಟ್ಟಿತ್ತು.

ಮುಗಿಯಿತೆಂದುಕೊಂಡೆ. ಯಮನಪ್ಪ ಕೈ ಬಿಡದೆ ನನ್ನನ್ನು ಇನ್ನೂ ಮುಂದಕ್ಕೆ ಕರೆದುಕೊಂಡು ಹೋಗಿ ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ನಿಲ್ಲಿಸಿದ. ಮೇಲೆ ಹರಡಿದ್ದ ಮುಳ್ಳುಕಂಟಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಇಲ್ಲೂ ಒಮ್ಮೆ ಹೇಳಿಬಿಡ್ರಿ."

ನಾನು ಅವನ ಮುಖ ನೋಡಿದೆ.

"ನಾ ಹೇಳಿದ್ರ ಆಕಿ ನಂಬಾಕಿಲ್ಲ. ಬೈದು ಕಳಿಸಿದಾಂವ ನಾನ ಅಲ್ಲೇನು?"

ನಾನು ಹೇಳಿದೆ. ಕಟ್ಟಿದ ಗಂಟಲಿನಿಂದ ಗಾಳಿಯಷ್ಟೇ ಬಂತು. ಯಮನಪ್ಪ ಕಾದ. ಇನ್ನೊಮ್ಮೆ, ದನಿ ಬರುವ ಹಾಗೆ ಹೇಳಿದೆ. "ಅವ್ವಾ, ನಿನಗ ಫೋನ್ ಬಂದಿರಲಿಲ್ಲ. ತಪ್ಪು ನಂದು." ಆಗ ಅವನು ನನ್ನ ಮುಂಗೈ ಬಿಟ್ಟ. ಕುಕ್ಕರುಗಾಲಿನಲ್ಲಿ ಕೂತು, ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದ ಆ ಮಣ್ಣನ್ನು ತಲೆಯ ಕಡೆಯಿಂದ ಅಂಗೈಯಲ್ಲಿ ಮೆಲ್ಲಗೆ ಸವರುತ್ತ ಬಂದ.